ಸಂಸ್ಕಾರಕ-ನಿದಾನ-ಮೀಮಾಂಸೆ

ಜನಸಾಮಾನ್ಯರು ‘ಪ್ರೊಸೆಸರ್’ ಎಂದು ಕರೆದು ಸುಲಭವಾಗಿ ಅರ್ಥಮಾಡಿಕೊಂಡುಬಿಡುವ ಅಪಾಯವಿರುವುದರಿಂದ ಶಾಸ್ತ್ರಕಾರರು ‘ಕೇಂದ್ರೀಯ ಸಂಸ್ಕಾರಕ ಘಟಕ’ವೆಂದು ನಾಮಕರಣ ಮಾಡಿರುವ, ಬೆಂಕಿಪೊಟ್ಟಣದಷ್ಟು ಅಗಲದ, ಗಣಕದ ಸಕಲ ಲೆಕ್ಕಾಚಾರಕ್ಕೂ ಆಧಾರವಾದ ಪದಾರ್ಥವು ಕೆಟ್ಟಿದೆಯೋ, ಕೆಟ್ಟಂತೆ ತೋರುತ್ತಿದೆಯೋ ಎಂಬ ವಿವೇಚನೆಯೇ ಪ್ರಸ್ತುತ ಮೀಮಾಂಸೆಯ ವ್ಯಾಪ್ತಿ. ನಿದಾನವೆಂದರೆ ಆಯುರ್ವೇದದ ಪರಿಭಾಷೆಯಲ್ಲಿ ರೋಗಕಾರಣದ ನಿರ್ಣಯ. ಸರ್ವಿಸ್ ಸೆಂಟರುಗಳಲ್ಲಿ ಅದು ‘ನಿಧಾನ’ವೆಂದೇ ರೂಢವಾಗಿದೆಯೆಂಬ ಪಕ್ಷವೊಂದುಂಟು, ಅದು ವ್ಯಾಕರಣಕ್ಕೆ ದೂರವಾದರೂ ಅನುಭವಕ್ಕೆ ಹತ್ತಿರವಾಗಿದೆ.

ರೋಗಲಕ್ಷಣಗಳು ಪಂಚವಿಧ. ಸ್ತಂಭನ, ಅಂದರೆ ಹ್ಯಾಂಗ್ ಆಗುವುದು. ಪುನರ್ಜನ್ಮ, ಅಂದರೆ ಹೇಳದೆ ಕೇಳದೆ ರೀಸ್ಟಾರ್ಟ್ ಆಗುವುದು. ನೀಲದರ್ಶನ, ಅಂದರೆ ಪರದೆಯೆಲ್ಲ ನೀಲಿಯಾಗಿ ಕ್ಷಮೆ ಕೇಳುವುದು. ಈ ಮೂರೂ ರ‍್ಯಾಮ್ ಕೆಟ್ಟರೂ ಬರುತ್ತವೆ, ವಿದ್ಯುತ್ ಉಣಿಸುವ ಎಸ್‌ಎಂಪಿಎಸ್ ಸೋತರೂ ಬರುತ್ತವೆ, ಫ್ಯಾನಿಗೆ ಧೂಳು ಕಟ್ಟಿದರೂ ಬರುತ್ತವೆ. ಎಷ್ಟು ಭೇದ ಮಾಡಿದರೂ ಅಂಗಡಿಯ ಪರಿಹಾರ ‘ಫಾರ್ಮ್ಯಾಟ್ ಹೊಡೆದು ನೋಡೋಣ ಸಾರ್’ ಎಂಬ ಒಂದೇ ಆಗಿರುವುದರಿಂದ ಉಳಿದೆರಡು ವಿಧಗಳನ್ನು ಇಲ್ಲಿ ಕೈಬಿಡಲಾಗಿದೆ.

ನಿದಾನದ ಮೊದಲ ಮಾರ್ಗ ಪರಿಶೇಷ ನ್ಯಾಯ: ಒಂದೊಂದನ್ನೇ ಅಲ್ಲಗಳೆಯುತ್ತ ಹೋಗಿ ಕೊನೆಗೆ ಉಳಿದುದನ್ನು ಅಪರಾಧಿಯೆಂದು ಹಿಡಿಯುವುದು. ಇದರ ಅಂಗವಾಗಿ ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿಯನ್ನು ಬಾಯಿಂದ ಊದಿ, ಟಕ್ಕೆಂದು ಮರಳಿ ಕೂರಿಸುವ ವಿಧಿಯುಂಟು. ಇದು ಫಲಿಸುವುದೂ ಉಂಟು, ಅದೇ ಇದರ ದೋಷ. ಎರಡನೆಯದು ಅನ್ವಯ-ವ್ಯತಿರೇಕ: ಸಂಶಯಿತ ಪ್ರೊಸೆಸರನ್ನು ಬೇರೊಂದು ಒಳ್ಳೆಯ ಮದರ್‌ಬೋರ್ಡಿಗೆ ಹಾಕಿದಾಗ ರೋಗವೂ ಹಿಂಬಾಲಿಸಿದರೆ ದೋಷ ಅದರದೇ. ತರ್ಕ ನಿರ್ದುಷ್ಟವಾಗಿದೆ, ಅದೇ 1700 ಸಂಪರ್ಕಬಿಂದುಗಳ ಸಾಕೆಟ್ಟುಳ್ಳ ಇನ್ನೊಂದು ಬೋರ್ಡು ಮನೆಯಲ್ಲಿ ಬಿದ್ದಿರಬೇಕಷ್ಟೆ.

ಮೂರನೆಯದು ಸ್ಥಾಲೀಪುಲಾಕ ನ್ಯಾಯ, ಅಂದರೆ ಒಂದು ಅಗುಳು ಹಿಚುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆನ್ನುವುದು. 2021ರಲ್ಲಿ ಫೇಸ್‌ಬುಕ್‌ನ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧ ಇದನ್ನು ಮುರಿದುಹಾಕಿತು. ಅವರ ಒಂದು ಪ್ರೊಸೆಸರು 1.1ರ 52ನೆಯ ಘಾತದ ಪೂರ್ಣಾಂಕವನ್ನು 142 ಎಂದು ಸರಿಯಾಗಿಯೇ ಹೇಳಿ, 53ನೆಯದಕ್ಕೆ 156 ಎನ್ನಬೇಕಾದಲ್ಲಿ ಸೊನ್ನೆ ಎನ್ನುತ್ತಿತ್ತು. ಅದೂ 59ನೆಯ ಸಂಖ್ಯೆಯ ಕೋರ್ ಎಂಬ ಒಂದೇ ಗಣನಾಭಾಗದಲ್ಲಿ. ಹ್ಯಾಂಗಿಲ್ಲ, ನೀಲಿಯಿಲ್ಲ, ಎಚ್ಚರಿಕೆಯಿಲ್ಲ. ಕಡತದ ಗಾತ್ರ ಸೊನ್ನೆಯೆಂದು ಲೆಕ್ಕ ಬಂದು ಕಡತಗಳೇ ಕಾಣೆಯಾಗುತ್ತಿದ್ದವು. ಬೆಂದ ಅನ್ನದಲ್ಲಿ ಕಲ್ಲೊಂದಿದ್ದರೆ ಅಗುಳು ಹಿಚುಕುವವನಿಗೆ ತಿಳಿಯುವುದಿಲ್ಲ, ಉಣ್ಣುವವನ ಹಲ್ಲಿಗೆ ತಿಳಿಯುತ್ತದೆ.

ಕೊನೆಯದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಇಲ್ಲಿ ಆಪ್ತನೆಂದರೆ ತಯಾರಕ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಪ್ರೊಸೆಸರಿನ ಭಾಗಾಕಾರ ತಪ್ಪೆಂದು ತೋರಿಸಿದರು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ ಅದು 1.3337 ಎನ್ನುತ್ತಿತ್ತು; ಒಳಗಿನ ಕೋಷ್ಟಕದಲ್ಲಿ ಕೆಲವು ನಮೂದುಗಳು ಬಿಟ್ಟುಹೋಗಿದ್ದವು. ಇಂಟೆಲ್ ಮೊದಲಿಗೆ ಹೇಳಿದ್ದೇನು? ನಿಖರ ಲೆಕ್ಕದ ಅಗತ್ಯವನ್ನು ತೋರಿಸಿಕೊಟ್ಟವರಿಗೆ ಮಾತ್ರ ಬದಲಿ ಎಂದು. ಭಾಗಾಕಾರ ಸರಿಯಾಗಿ ಬರಲೆಂದು ಬಯಸಲು ಅರ್ಹತೆ ಬೇಕಿತ್ತು! ಗದ್ದಲ ಜೋರಾದ ಮೇಲೆ ಕೇಳಿದವರಿಗೆಲ್ಲ ಕೊಡಲೊಪ್ಪಿ 47.5 ಕೋಟಿ ಡಾಲರ್ ವೆಚ್ಚ ತೋರಿಸಿತು.

ಮೂವತ್ತು ವರ್ಷದ ಬಳಿಕ ಅದೇ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕುಸಿಯತೊಡಗಿದಾಗ ಆಟದ ಪರದೆಯ ಮೇಲೆ ಮೂಡುತ್ತಿದ್ದ ಸಂದೇಶ ‘ವಿಡಿಯೋ ಮೆಮೊರಿ ಸಾಲದು’ ಎಂದಿತ್ತು. ರೋಗಿ ತನ್ನ ಕಾಯಿಲೆಯನ್ನು ಪಕ್ಕದ ಮನೆಯವನ ಹೆಸರಿಗೆ ಬರೆಸಿದಂತಾಯಿತು. ಮೈಕ್ರೊಕೋಡ್ ಎಂಬ ಒಳ ಆದೇಶಾವಳಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಬೇಡುತ್ತಿತ್ತೆಂದು 2024ರ ಜುಲೈನಲ್ಲಿ ಕಂಪನಿ ಒಪ್ಪಿತು, ಆಗಸ್ಟಿನಲ್ಲಿ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಬೆಳೆಸಿತು. ಆಗಲೇ ಸುಟ್ಟುಕೊಂಡ ಚಿಪ್ಪಿಗೆ ಆ ತಿದ್ದುಪಡಿಯಿಂದ ಜೀವ ಬರುವಂತಿರಲಿಲ್ಲ.

ಅಲ್ಲಿಯವರೆಗೆ ಮೇಜಿನಡಿ ಬಗ್ಗಿ, ಬಾಯಲ್ಲಿ ಮೊಬೈಲಿನ ಟಾರ್ಚು ಕಚ್ಚಿ, ರಾತ್ರಿಗಟ್ಟಲೆ ಸ್ಕ್ರೂ ಬಿಚ್ಚಿದವನ ಕೂಲಿಯನ್ನು ಯಾವ ವಾರಂಟಿಯೂ ಲೆಕ್ಕಹಾಕಿಲ್ಲ. ತನ್ನ ತಪ್ಪೇನೆಂದು ತಿಳಿಯದೆ ರ‍್ಯಾಮ್ ಕೊಂಡ, ಎಸ್‌ಎಂಪಿಎಸ್ ಕೊಂಡ, ಸಾಲದಲ್ಲಿ ಗ್ರಾಫಿಕ್ಸ್ ಕಾರ್ಡು ಕೊಂಡ ಆ ಮನುಷ್ಯ ಕೊನೆಗೆ ಡಬ್ಬವನ್ನು ಹೊತ್ತು ಕೌಂಟರಿಗೆ ಬಂದರೆ ಕೇಳುವುದು ಬಿಲ್ಲು. ಬಿಲ್ಲು ಇದೆ, ಜೋಪಾನವಾಗಿ ಡಬ್ಬದೊಳಗೇ ಇಟ್ಟಿದ್ದಾನೆ. ಬಿಸಿಗೆ ಅಕ್ಷರ ಮಾಸುವ ಜಾತಿಯ ಕಾಗದವಾದ್ದರಿಂದ ಅದರ ಮೇಲೆ ಅಂಗಡಿಯ ಹೆಸರಿನ ಅರ್ಧ ಮಾತ್ರ ಉಳಿದಿದೆ, ತಾರೀಖು ಉಳಿದಿಲ್ಲ.