ಗೌಹರ್ ಜಾನ್‌ಗೂ ಒಂದು ಸಾಲು ಬಿಡಿ

ಮೈಸೂರಿನ ಸಂಗೀತ ಸಾಧಕರ ಪಟ್ಟಿ ಬರೆಯುವ ಹಿರಿಯರೇ,

ಸಭೆಯ ಗೋಡೆಗೆ ಯಾರ ಭಾವಚಿತ್ರ ಹಾಕಬೇಕು, ವೇದಿಕೆಗೆ ಯಾರ ಹೆಸರಿಡಬೇಕು, ಸ್ಮರಣ ಸಂಚಿಕೆಯಲ್ಲಿ ಯಾರಿಗೆ ಪುಟ ಕೊಡಬೇಕು ಎಂದು ತೀರ್ಮಾನಿಸುವವರು ನೀವು. ಬೆಳಿಗ್ಗೆ ನಜರ್‌ಬಾದಿನ ಕುಪ್ಪಣ್ಣ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದು ಕಲ್ಲುಬೆಂಚಿನ ಮೇಲೆ ಕೂರುವ ನಾವು ಕೆಲವರು ಇದೇ ವಿಷಯಕ್ಕೆ ಮೊನ್ನೆ ಜಗಳವಾಡಿಕೊಂಡು ಎದ್ದೆವು. ಮನೆಗೆ ಬಂದರೂ ಮನಸ್ಸು ತಿಳಿಯಾಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲ ಹೆಸರುಗಳಿಗೆ ಯಾರ ತಕರಾರೂ ಇರಲಿಲ್ಲ. ವೀಣೆ ಶೇಷಣ್ಣನವರು ಬರೋಡೆಯ ಮಹಾರಾಜರು ಕೊಟ್ಟ ಪಲ್ಲಕ್ಕಿಯಲ್ಲಿ ವೀಣೆಯನ್ನು ಕೂರಿಸಿ ತಾವು ಪಕ್ಕದಲ್ಲಿ ನಡೆದರಂತೆ. ಈ ಕತೆ ಕೇಳದೆ ಬೆಳೆದ ಮೈಸೂರಿನ ಸಂಗೀತದ ಮನೆ ಇರಲಾರದು. ವಾಸುದೇವಾಚಾರ್ಯರಿದ್ದಾರೆ. ತಂತಿಗಳನ್ನು ಏಳಕ್ಕೆ ಏರಿಸಿ, ಮೈಕಿಲ್ಲದ ಕಾಲದಲ್ಲೂ ಕೊನೆಯ ಸಾಲಿನವನ ಕಿವಿಗೆ ಪಿಟೀಲು ಮುಟ್ಟಿಸಿದ ಚೌಡಯ್ಯನವರಿದ್ದಾರೆ. ಇವರೆಲ್ಲ ಇರಲೇಬೇಕು.

ಜಗಳ ಹುಟ್ಟಿದ್ದು ನಾನು ಗೌಹರ್ ಜಾನ್ ಹೆಸರೆತ್ತಿದಾಗ. “ಹೊರಗಿನವರು ಬೇಡ ಸ್ವಾಮಿ, ನಮ್ಮವರೇ ಬೇಕಾದಷ್ಟಿದ್ದಾರೆ” ಎಂದರು ಒಬ್ಬರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ಅಳತೆಗೋಲು ಸರಿಯಲ್ಲ. ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯಿಂದ ಬಂದವರು. ಚಾಮುಂಡೇಶ್ವರಿಯ ಮೇಲೆ 108 ಕೃತಿ ರಚಿಸಿದ ಮುತ್ತಯ್ಯ ಭಾಗವತರು ತಮಿಳುನಾಡಿನ ಹರಿಕೇಶನಲ್ಲೂರಿನವರು. ಹುಟ್ಟಿದ ಊರನ್ನೇ ಹಿಡಿದು ಅಳೆದರೆ ಇವರಿಬ್ಬರನ್ನೂ ಹೊರಗೆ ನಿಲ್ಲಿಸಬೇಕಾಗುತ್ತದೆ. ನಾವು ಕೂತು ವಾದಿಸಿದ ನಜರ್‌ಬಾದಿನ ಹುಟ್ಟಾದರೂ ಎಂಥದು? ಟಿಪ್ಪು ಸುಲ್ತಾನ ಮೈಸೂರಿನ ಹಳೆಯ ಕೋಟೆ ಕೆಡವಿಸಿ, ಆ ಕಲ್ಲುಗಳನ್ನೇ ಇಲ್ಲಿಗೆ ತಂದು ಹೊಸ ಕೋಟೆ ಕಟ್ಟಿಸಲು ಹೊರಟಿದ್ದ. ಅದು ಪೂರ್ತಿಯಾಗಲಿಲ್ಲ. 1799ರ ನಂತರ ಕಲ್ಲುಗಳು ಮತ್ತೆ ಮೈಸೂರಿಗೆ ಹೋಗಿ ಕೋಟೆಗೋಡೆ ಸೇರಿದವು. ಅವುಗಳಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಈಗ ಯಾರು ಬೇರ್ಪಡಿಸುತ್ತಾರೆ?

ಗೌಹರ್ ಜಾನ್ ಯಾರು ಎಂದು ನಿಮಗೆ ಗೊತ್ತಿರುತ್ತದೆ. ಆದರೂ ಹೇಳುತ್ತೇನೆ, ಪಾರ್ಕಿನಲ್ಲಿದ್ದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. 1873ರಲ್ಲಿ ಆಜಂಗಢದಲ್ಲಿ ಹುಟ್ಟಿದವರು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಧ್ವನಿಮುದ್ರಣಕ್ಕೆ ಕೂತಾಗ, ಆ ತಗಡಿನ ಕಹಳೆಯ ಮುಂದೆ ನಿಂತು ಹಾಡಿದ ಮೊದಲಿಗರಲ್ಲಿ ಆಕೆಯೂ ಒಬ್ಬರು. ಗಂಟೆಗಟ್ಟಲೆ ಬೆಳೆಸುತ್ತಿದ್ದ ರಾಗವನ್ನು ಮೂರೇ ನಿಮಿಷದಲ್ಲಿ, ಅದರ ಜೀವ ಹೋಗದಂತೆ, ಹಿಡಿದುಕೊಡಬೇಕಿತ್ತು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಲೆಂದು ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಇವತ್ತಿಗೂ ಆ ತಟ್ಟೆಗಳಲ್ಲಿ ಆ ಕೂಗಿದೆ. ಹೆಸರು ಉಳಿಯಬೇಕೆಂದು ಅಷ್ಟು ಗಟ್ಟಿಯಾಗಿ ಹೇಳಿಹೋದ ಹೆಣ್ಣುಮಗಳು ಆಕೆ.

ಆಸ್ತಿಯೂ ಆಪ್ತರೂ ಕೈಬಿಟ್ಟ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟ್ 1ರಂದು ಆಕೆಯನ್ನು ಅರಮನೆಯ ಗಾಯಕಿಯನ್ನಾಗಿ ನೇಮಿಸಿಕೊಂಡರು. ಒಂದೂವರೆ ವರ್ಷವೂ ತುಂಬಲಿಲ್ಲ. ಆಕೆ ಕೊನೆಯುಸಿರೆಳೆದದ್ದು ನಮ್ಮ ಕೆ.ಆರ್. ಆಸ್ಪತ್ರೆಯಲ್ಲಿ. “ಅಷ್ಟು ಕಡಿಮೆ ದಿನ ಇದ್ದವರಿಗೆ ಇಲ್ಲಿ ಯಾಕೆ ಜಾಗ?” ಎಂದು ಇನ್ನೊಬ್ಬರು ಕೇಳಿದರು. ಬೇರೆ ಯಾವ ಊರೂ ನೆರಳು ಕೊಡದಿದ್ದಾಗ ಮೈಸೂರು ಕೊಟ್ಟಿತಲ್ಲ, ಅದಕ್ಕೆ. ಅದು ಆಕೆಯ ಹಿರಿಮೆ ಮಾತ್ರವಲ್ಲ, ನಮ್ಮ ಊರಿನದೂ ಹೌದು. ಆಗ್ರಾ ಘರಾಣೆಯ ಫಯ್ಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಖಿ’ ಎಂಬ ಬಿರುದು ಕೊಟ್ಟದ್ದೂ ಇದೇ ದರ್ಬಾರು. ಅರಮನೆಗೆ ಇದ್ದ ಆ ದೊಡ್ಡ ಮನಸ್ಸನ್ನು ನಾವು ಯಾಕೆ ಸಣ್ಣದು ಮಾಡಬೇಕು?

ಬೆಂಚಿನ ಮೇಲೆ ಯಾರೂ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿತ್ತು. ನಾನೇ ಹೇಳಿಬಿಡುತ್ತೇನೆ: ಆಕೆ ತವಾಯಫ್, ಅಂದರೆ ಹಾಡಿ ಕುಣಿಯುವುದೇ ವೃತ್ತಿಯಾದ ಹೆಂಗಸು. ನಂಜನಗೂಡಿನಲ್ಲಿ ದೇವದಾಸಿಯ ಮಗಳಾಗಿ 1878ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಸಂಗೀತ ಸಂಸ್ಕೃತ ಕಲಿತ ಬೆಂಗಳೂರು ನಾಗರತ್ನಮ್ಮನವರನ್ನೂ ನಮ್ಮ ಊರು ಇದೇ ಕಾರಣಕ್ಕೆ ಮರೆತಿದೆ ಎಂದು ನನ್ನ ನಂಬಿಕೆ. ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನೆಲ್ಲ ಸುರಿದು 1925ರಲ್ಲಿ ಗುಡಿ ನಿಲ್ಲಿಸಿದವರು ಅವರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಂಗಸರದೇ ಬೇರೆ ಆರಾಧನೆ ನಡೆಸಿ ಜಾಗ ಮಾಡಿಕೊಂಡರು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಎದುರಿಗೇ ಇದೆ. ಇಲ್ಲಿಂದ ಹೋದವರೆಂದು ನಾಗರತ್ನಮ್ಮನವರನ್ನು ಬಿಟ್ಟೆವು, ಹೊರಗಿಂದ ಬಂದವರೆಂದು ಗೌಹರ್ ಅವರನ್ನು ಬಿಟ್ಟೆವು. ಹಾಗಾದರೆ ಹಾಡುವ ಹೆಂಗಸಿಗೆ ನಿಮ್ಮ ಪಟ್ಟಿಯ ಬಾಗಿಲು ಯಾವ ದಿಕ್ಕಿಗಿದೆ?

ಗಂಡಸರು ಹಾಡಿದರೆ ಪಂಡಿತರು, ಉಸ್ತಾದರು. ಹೆಂಗಸರು ಮಾತ್ರ ಎಷ್ಟು ಹಾಡಿದರೂ ‘ಬಾಯಿ’ಗಳಾಗಿಯೇ ಉಳಿಯುತ್ತಾರೆ ಎಂಬ ಅರ್ಥದ ಮಾತನ್ನು ಗಂಗೂಬಾಯಿ ಹಾನಗಲ್ ಆಡಿದ್ದರು. ಆ ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರುವುದು ನಮ್ಮ ಊರಿನಲ್ಲೇ. ಹುಬ್ಬಳ್ಳಿಯಲ್ಲಿ ಬಾಳಿದ ಅವರ ಹೆಸರಿಡುವಾಗ ಹೊರಗಿನವರು ಎಂಬ ಮಾತು ಅಡ್ಡ ಬರಲಿಲ್ಲ. ಬರಬಾರದಿತ್ತು, ಬರಲಿಲ್ಲ. ಒಳ್ಳೆಯದೇ ಆಯಿತು.

ಮರೆತವರ ಮಾತು ಬಂದದ್ದರಿಂದ ಅರಮನೆಯ ಬ್ಯಾಂಡಿನವರ ಬಗ್ಗೆ ಕೂಡ ಒಂದು ಮಾತು. ಮುತ್ತಯ್ಯ ಭಾಗವತರ ಹೆಸರು ಉಳಿಯಿತು, ವಾದ್ಯ ಎದೆಗೊತ್ತಿ ಜಂಬೂಸವಾರಿಯ ಮುಂದೆ ಊದಿದವರ ಹೆಸರು ಉಳಿಯಲಿಲ್ಲ. ಅವರ ಪರಂಪರೆಯನ್ನು ಇಂದು ಪೊಲೀಸ್ ಬ್ಯಾಂಡ್ ಮುಂದುವರಿಸುತ್ತಿದೆ. ಹಳೆಯ ಸಂಬಳದ ಪುಸ್ತಕಗಳಲ್ಲಿ ಹೆಸರು ಸಿಕ್ಕರೆ ಅವರಿಗೂ ಒಂದು ಫಲಕ ಹಾಕಿಸಿ.

ಗೌಹರ್ ಅವರ ಸಮಾಧಿ ಇಲ್ಲಿದೆ ಎಂದು ಬೆರಳು ಮಾಡಿ ತೋರಿಸುವವರು ಊರಿನಲ್ಲಿಲ್ಲ. ಆದ್ದರಿಂದ ಹೂವಿಡಲು ಜಾಗವೇ ಇಲ್ಲ. ಪಟ್ಟಿಯಲ್ಲಾದರೂ ಜಾಗ ಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ. ಅರಮನೆಯ ಆವರಣದಲ್ಲಾಗಲಿ, ಕೆ.ಆರ್. ಆಸ್ಪತ್ರೆಯ ಗೋಡೆಯ ಮೇಲಾಗಲಿ, ಕನ್ನಡದಲ್ಲಿ ಆಕೆಯ ಹೆಸರು ಕೆತ್ತಿದ ಒಂದು ಕಲ್ಲು ಹಾಕಿಸಿ. ಆಕೆ ತೀರಿಕೊಂಡದ್ದು 1930ರ ಜನವರಿ 17. ಬರುವ 2030ರ ಜನವರಿ 17ಕ್ಕೆ ನೂರು ವರ್ಷ ತುಂಬುತ್ತದೆ. ಆ ಸಂಜೆಗೆ ಮುಂಚೆ ನಿಮ್ಮ ಪಟ್ಟಿಗೆ ಆಕೆಯ ಹೆಸರು ಸೇರಲಿ.