ಚಿಗರಿ ಹಾರೋ ಹೊತ್ತಿಗೆ

ಪಕ್ಕದ ಮನೆಯವರನ್ನು "ಆ ಹಳೇ ಕ್ಯಾಮೆರಾ ಇನ್ನೂ ಬಿಟ್ಟಿಲ್ವಾ?" ಅಂತ ಒಮ್ಮೆ ಕೇಳಿ ನೋಡಿ, ಕೈಲಿರೋ ಚಹಾ ಆರಿದ್ದೂ ಗೊತ್ತಾಗೋದಿಲ್ಲ. ಅವರದು ಕನ್ನಡಿ ಇರೋ ಡಿಎಸ್‌ಎಲ್‌ಆರ್. ಅಳಿಯಂದು ಮಿರರ್‌ಲೆಸ್, ಕಣ್ಣಿಡೋ ಕಿಂಡಿಯೊಳಗೇ ಪುಟ್ಟ ಪರದೆ. "ನಾನು ಚಿಗರಿ ನೋಡ್ತೀನಿ, ಅವನು ಚಿಗರಿಯ ಸಿನಿಮಾ ನೋಡ್ತಾನೆ" ಅನ್ನೋದು ಮಾವನ ತಕರಾರು.

ಆದವಾನಿಯಿಂದ ಆಲೂರು, ಆಸ್ಪರಿ ಕಡೆಯ ಎರೆಹೊಲಗಳಲ್ಲಿ ಈ ಚಿಗರಿಗಳದ್ದೇ ದರ್ಬಾರು. ನೋಡಕ್ಕೆ ಬಂದವರಿಗೆ ಕೃಷ್ಣಮೃಗ, ಬೆಳೆ ಕಳೆದುಕೊಂಡ ರೈತನಿಗೆ ಹೊಟ್ಟೆಯುರಿ. ಚಿಗರಿಗೆ ನೆಟ್ಟಗೆ ಓಡೋದಂತೂ ಗೊತ್ತಿಲ್ಲ. ನಾಲ್ಕೂ ಕಾಲು ನೆಲ ಬಿಟ್ಟು ನೆಗೀಬೇಕು, ಹಿಂದಿನವೂ ಒಂದೊಂದಾಗಿ ನೆಗೀಬೇಕು.

ತಮಾಷೆ ಅಂದ್ರೆ, ಆ ನೆಗೆತದ ಗಳಿಗೇಲೇ ಮಾವನ ಕಿಂಡಿ ಕತ್ತಲು. ಗುಂಡಿ ಒತ್ತಿದ ತಕ್ಷಣ ಕನ್ನಡಿ ಮೇಲೇಳುತ್ತಲ್ಲ, ಮದುವೇಲಿ ತಾಳಿ ಕಟ್ಟೋ ಹೊತ್ತಿಗೇ ಮುಂದಿನವರು ಎದ್ದು ನಿಂತ ಹಾಗೆ. ಸೆಕೆಂಡಿನ ಹತ್ತರಲ್ಲೊಂದು ಪಾಲು ಅಂತಿಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ಓಡೋ ಚಿಗರಿ ಅಷ್ಟರಲ್ಲಿ ಎರಡು ಮೀಟರ್ ದಾಟಿರುತ್ತೆ. ಅಂದ್ರೆ ಪಟದಲ್ಲಿ ಸಿಕ್ಕಿದ್ದನ್ನು ಅವರು ಕಣ್ಣಲ್ಲಿ ಕಂಡೇ ಇರೋದಿಲ್ಲ!

ಅಳಿಯನದೇನು ಕಮ್ಮಿ? ಸೆನ್ಸರ್ ಬೆಳಕು ಹಿಡಿದು, ಲೆಕ್ಕ ಹಾಕಿ ಪರದೆಗೆ ಕಳಿಸೋ ಹೊತ್ತಿಗೆ ಒಂಚೂರು ಕಾಲ ಕಳೆದಿರುತ್ತೆ, ಅವನು ನೋಡೋದು ಹಳಸಿದ ಚಿಗರಿ. ಮೊದಮೊದಲು ಒಂದೇ ಸಮ ಕ್ಲಿಕ್ಕಿಸಿದ್ರೆ ಕಿಂಡಿಯೊಳಗೆ ಸ್ಲೈಡ್ ಶೋನೇ ಕಾಣ್ತಿತ್ತು. 2017ರ ಸೋನಿ ಎ9 ಬಂದ ಮೇಲೆ ಆ ಕಣ್ಣುಮುಚ್ಚಾಲೆ ತಪ್ಪಿತು. 2021ರ ನಿಕಾನ್ ಝಡ್9ನಲ್ಲಿ ಯಾಂತ್ರಿಕ ಶಟರ್ರೇ ಇಲ್ಲ. ಕ್ಲಿಕ್ ಅನ್ನೋ ಸದ್ದು ಸ್ಪೀಕರಿನದು. ಫೋಟೊ ತೆಗೆದ ಸಮಾಧಾನಕ್ಕೆ ಒಂದು ಸುಳ್ಳು ಸದ್ದು ಬೇಕು ನೋಡಿ ನಮಗೆ!

ಇವರ ಜಗಳ ಕೇಳ್ತಾ ಸಂಡೂರಿನ ಎಂ.ವೈ. ಘೋರ್ಪಡೆಯವರು ನೆನಪಾದ್ರು. ಅತ್ತ ಕರ್ನಾಟಕದ ಹಣಕಾಸು ಮಂತ್ರಿಗಿರಿ, ಇತ್ತ ಕಪ್ಪು-ಬಿಳುಪಿನಲ್ಲಿ ಕಾಡುಪ್ರಾಣಿಗಳು. ಫಿಲ್ಮ್ ಕಾಲ ಅದು, ತೊಳೆಯೋವರೆಗೂ ಸಿಕ್ತೋ ತಪ್ಪಿತೋ ಗೊತ್ತಾಗ್ತಿರಲಿಲ್ಲ. ಬಜೆಟ್ ಮಂಡಿಸೋರಿಗೆ ಆ ತಾಳ್ಮೆ ಇರುತ್ತೇನೋ.

ಮಾವ ಸ್ವಲ್ಪ ಮೆತ್ತಗಾಗೋದು ದೇವರಗಟ್ಟಿನ ಮಾತು ಬಂದ್ರೆ. ದಸರಾ ನಡುರಾತ್ರಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ, ದೀವಟಿಗೆ, ಬಡಿಗೆಗಳ ಹೊಡೆದಾಟ. ಗಾಜಿನ ಕಿಂಡೀಲಿ ಕತ್ತಲು ಕತ್ತಲೇ. ಪರದೆ ಕತ್ತಲನ್ನೂ ಬೆಳಗಿಸಿ ತೋರಿಸುತ್ತೆ. ಆದ್ರೆ ಚುಕ್ಕಿ ಚುಕ್ಕಿ, ದೀವಟಿಗೆ ಮುಂದೆ ಹೋದ್ರೂ ಅದರ ಬಾಲ ಹಿಂದೇ ಉಳಿದಿರುತ್ತೆ. "ನಿನ್ನ ಬ್ಯಾಟರಿ ಮುಗಿದ್ರೆ ಪೂರಾ ಕುರುಡು" ಅಂತ ಮಾವ ಮತ್ತೆ ಶುರು.

ಅಷ್ಟಕ್ಕೂ ಹೊಲದಂಚಲ್ಲಿ ಕುರಿ ಕಾಯೋ ಹುಡುಗನ ಹತ್ರ ಯಾವ ಕಿಂಡಿ ಇದೆ ಹೇಳಿ? ಮುಂದಿನ ಹೆಣ್ಣು ಚಿಗರಿ ತಲೆ ಎತ್ತಿ, ಕಿವಿ ತಿರುಗಿಸಿದ್ದೇ ತಡ, "ಈಗ ಹಾರ್ತದ ನೋಡ್ರಿ" ಅಂತಾನೆ. ಹಾರಿಯೇ ಬಿಡುತ್ತೆ. ಈಗ ಮಾವ-ಅಳಿಯ ಇಬ್ಬರೂ ಹೊರಡೋ ಮುಂಚೆ ಅವನಿಗೇ ಫೋನ್ ಹಚ್ಚೋದು. ಅದೊಂದರಲ್ಲಿ ಮಾತ್ರ ತಕರಾರಿಲ್ಲ, ಸದ್ಯ ಅಷ್ಟಾದ್ರೂ ಆಯ್ತಲ್ವಾ?