ರಾಯರ ಹೆಗಲ ಮೇಲಿನ ಕುಬೇರ

ಅಂಗಿಗೆ ಮೇಲಿನ ಎರಡು ಗುಂಡಿ ಇಲ್ಲ. ಕನ್ನಡಕದ ಕಡ್ಡಿಗೆ ಟೇಪು, ಎಡಗಿವಿಗೆ ಬ್ಯಾಂಡೇಜು, ಹೆಗಲ ಮೇಲೆ ಸುಣ್ಣ ಸಿಡಿದಂಥ ಕಲೆ. ಇಷ್ಟಾದರೂ ಮುಖದ ಮೇಲೆ ಮೊಮ್ಮಗನಿಗೆ ಮೊದಲ ರ‍್ಯಾಂಕು ಬಂದ ಕಳೆ. ಬೆಂಗಳೂರಿನ ಯಾವುದಾದರೂ ಲಿಫ್ಟಿನಲ್ಲಿ ಇಂಥವರು ಸಿಕ್ಕರೆ, ಮನೆಯಲ್ಲಿ ಜಗಳವೇ ಎಂದು ಕೇಳಬೇಡಿ. ದೊಡ್ಡ ಗಿಳಿ ಸಾಕಿದ್ದಾರೆ, ಅಷ್ಟೇ.

‘ಗಿಳಿ’ ಎಂದೂ ಅನ್ನಬೇಡಿ. ನಮ್ಮ ಅಪಾರ್ಟ್‌ಮೆಂಟಿನ ಮಕಾವ್ ರಾಯರ ಎದುರು ನಾನೊಮ್ಮೆ ಅಂದುಬಿಟ್ಟೆ. “ಗಿಳಿಯಲ್ಲ ಸ್ವಾಮಿ, ಮಕಾವ್! ದಕ್ಷಿಣ ಅಮೆರಿಕದ್ದು. ಕೊಕ್ಕಿನಿಂದ ಬಾಲದ ತುದಿಗೆ ಹತ್ತಿರಹತ್ತಿರ ಮೂರಡಿ. ನಿಮ್ಮ ಹಸಿರು ಗಿಳೀನ ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಇದಕ್ಕೆ ಕಾಗದಪತ್ರ ಉಂಟು” ಎಂದು ಫೈಲು ತಂದರು. ಸರ್ಕಾರಿ ನೌಕರಿ ಮುಗಿದ ಮೇಲೆ ಅವರ ಕೈಯಲ್ಲಿ ಫೈಲೇ ಇರಲಿಲ್ಲ. ಇಂಥ ವಿದೇಶಿ ಹಕ್ಕಿಗಳನ್ನು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂದ ದಿನ ರಾಯರು ಪಾಯಸ ಮಾಡಿಸಿದರು.

ಹಕ್ಕಿಯ ಹೆಸರು ಕುಬೇರ. ಮೈಯೆಲ್ಲ ನೀಲಿ, ಎದೆ ಹೊನ್ನು. ಗ್ರಾಚ್ಯುಯಿಟಿಯ ದೊಡ್ಡ ಪಾಲು ನುಂಗಿಯೇ ಬಂದದ್ದರಿಂದ ಹೆಸರಿಗೆ ಮೋಸವಿಲ್ಲ.

ಅದು ಬಂದ ಮೇಲೆ ಮನೆಯ ಕಾನೂನೇ ಬದಲಾಯಿತು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಅದರ ಹೊಗೆ ಹಕ್ಕಿಯ ಪ್ರಾಣ ತೆಗೆಯುತ್ತದೆ. ಹಾಗಾಗಿ ಅತ್ತೆಯ ಕಾಲದ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಯಿತು. ಬೆಣ್ಣೆಹಣ್ಣು ವಿಷ, ಚಾಕೊಲೇಟು ವಿಷ. ನಮ್ಮ ಚಿಂಟು ಅಲ್ಲಿಗೆ ಆಡಲು ಹೋದರೆ ಬಾಗಿಲಲ್ಲೇ ಜೇಬು ತಪಾಸಣೆ. ಕುಬೇರನಿಗೆ ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು. ಏಳಕ್ಕೇ ದೀಪ ಆರುತ್ತದೆ, ರಾಯರ ಮನೆಯವರು ಧಾರಾವಾಹಿ ನೋಡಲು ನಮ್ಮಲ್ಲಿಗೆ ಬರುತ್ತಾರೆ. “ಸೊಸೆ ಬಂದಾಗ್ಲೂ ಇಷ್ಟು ಹೊಂದ್ಕೊಂಡಿರಲಿಲ್ಲ ಕಣ್ರೀ” ಎಂಬುದು ಜಾಹೀರಾತಿನ ನಡುವಿನ ಮಾತು.

ಬೆಳಿಗ್ಗೆ ಆರಕ್ಕೆ ಕುಬೇರ ಬಾಯಿ ತೆಗೆದರೆ ಎರಡು ಬ್ಲಾಕು ಎದ್ದು ಕೂರುತ್ತದೆ. ಸಂಘದ ಕಾರ್ಯದರ್ಶಿ ದೂರು ಹೊತ್ತು ಬಂದಾಗ ರಾಯರು, “ಅದು ಕಿರುಚೋದಲ್ಲ ಸಾರ್, ಹಿಂಡನ್ನ ಕರೆಯೋದು. ನಿಮ್ಮನ್ನೂ ತನ್ನವರು ಅಂದ್ಕೊಂಡಿದೆ, ಸಂತೋಷಪಡಿ” ಎಂದರು. ಕಾರ್ಯದರ್ಶಿ ಸಂತೋಷಪಡಲಿಲ್ಲ.

ಗಿಳಿಪಾಠವಂತೂ ತಲೆಕೆಳಗಾಗಿದೆ. ದಿನವೂ ಒಂದು ಗಂಟೆ ರಾಯರು ವಿಷ್ಣು ಸಹಸ್ರನಾಮ ಹೇಳಿಕೊಡುತ್ತಾರೆ. ಕುಬೇರ ತಲೆ ಓರೆ ಮಾಡಿ ಎಲ್ಲ ಕೇಳಿ, ಕೊನೆಗೆ ಕುಕ್ಕರಿನ ಸೀಟಿ ಹೊಡೆಯುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ ಒಲೆ ಆರಿಸಿದ್ದರಿಂದ ಎಷ್ಟೋ ದಿನ ಬೇಳೆ ಬೆಂದಿಲ್ಲ. ನಾಲ್ಕು ವರ್ಷದಲ್ಲಿ ಸಾವಿರ ನಾಮ ಬಾಯಿಪಾಠವಾದದ್ದು ರಾಯರಿಗೆ.

ಚಿಂತೆ ಇರುವುದು ಬೇರೆ ಕಡೆ. ರಾಯರಿಗೆ 64, ಕುಬೇರನಿಗೆ 4. ಚೆನ್ನಾಗಿ ನೋಡಿಕೊಂಡರೆ ಮಕಾವ್ 50 ವರ್ಷ ದಾಟಿಯೂ ಬದುಕುತ್ತದೆ; ರಾಯರು ನೋಡಿಕೊಳ್ಳುವುದೋ ತೀರಾ ಚೆನ್ನಾಗಿ. ಅಮೆರಿಕದಲ್ಲಿರುವ ಮಗ, “ಆಸ್ತೀಲಿ ನಂಗೇನೂ ಪಾಲು ಬೇಡಪ್ಪಾ” ಎಂದು ಈಗಲೇ ಹೇಳಿಬಿಟ್ಟಿದ್ದಾನೆ.

ಇತ್ತೀಚೆಗೆ ರಾಯರು ವಾರಕ್ಕೆರಡು ಸಲ ನನ್ನನ್ನು ಕಾಫಿಗೆ ಕರೆಯತೊಡಗಿದ್ದರು, “ಮಗೂನೂ ಕರ್ಕೊಂಡು ಬನ್ನಿ” ಎಂಬ ಒತ್ತಾಯದೊಂದಿಗೆ. ಒಳ್ಳೆಯ ನೆರೆ ಸಿಗುವುದು ಪುಣ್ಯ ಎಂದುಕೊಂಡಿದ್ದೆ. ಕಳೆದ ಭಾನುವಾರ ಹೊಸಿಲು ದಾಟುತ್ತಿದ್ದಂತೆ, ಒಂದು ನಾಮವನ್ನೂ ನುಡಿಯದ ಆ ಹಕ್ಕಿ ಕತ್ತು ಚಾಚಿ, “ಚಿಂಟೂ, ಬಾರೋ” ಎಂದಿತು.

ಚಿಂಟು ಕುಣಿದಾಡಿದ. ನಾನು ರಾಯರ ಕಡೆ ತಿರುಗಿದೆ. ಅವರು ಫೈಲಿನಲ್ಲಿ ಮುಳುಗಿದ್ದರು. ಹಕ್ಕಿ ಕೈ ಬದಲಾದರೂ ‘ಪರಿವೇಶ್’ಗೆ ತಿಳಿಸಬೇಕಂತೆ, ವರ್ಗಾವಣೆ ಅರ್ಜಿಯ ನಕಲು ತುಂಬಿ ಸಿದ್ಧವಾಗಿತ್ತು.

“ನಿಮ್ಮ ಸಹಿಯೊಂದು ಬಾಕಿ” ಎಂದರು ರಾಯರು. “ಅವಸರವೇನಿಲ್ಲ, ಮೊದಲು ಕಾಫಿ ಕುಡೀರಿ.”